ಹಾಲ್ವರ್ ಮೇಷ್ಟರ ಕಾರು

ತ್ರೋಂದ್‌ಹೈಮ್, 14 ಜನವರಿ 2018

ಪ್ರೀತಿಯ ಸಿಗ್ನಿ ಅತ್ತೆ,

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ಬೇಡದ ಮಾತಾದರೆ ಕೇಳಿಸಿದ್ದೂ ಕೇಳಿಸುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಮ್ಮೂರಿನಿಂದ ಸ್ವೈನುಂಗ್ ಕರೆ ಮಾಡಿದ್ದ. ಈ ವರ್ಷ ಮೇ ಹದಿನೇಳರ ರಾಷ್ಟ್ರೀಯ ಹಬ್ಬದ ಮೆರವಣಿಗೆ ಸಮಿತಿಗೆ ಅವನೇ ಅಧ್ಯಕ್ಷನಂತೆ. ಪ್ರತಿ ವರ್ಷ ನಿಮ್ಮ ವೃದ್ಧಾಶ್ರಮದವರನ್ನೆಲ್ಲ ಹಳೆಯ ಕಾರುಗಳಲ್ಲಿ ಕೂರಿಸಿ ಬ್ಯಾಂಡಿನ ಹಿಂದೆ ಕರೆದುಕೊಂಡು ಹೋಗುತ್ತಾರಲ್ಲ, ಆ ಸಾಲಿಗೆ ಅವನಿಗೊಂದು ಆಸೆ ಹುಟ್ಟಿದೆ. "ಇಂಗುನ್, ಹಾಲ್ವರ್ ಮೇಷ್ಟರ ವೋಲ್ವೊ ಎಲ್ಲಾದ್ರೂ ಇನ್ನೂ ಜೀವಂತ ಇದ್ಯಾ ನೋಡೇ. ನಾನು ಹುಟ್ಟೋಕೆ ಮುಂಚೆನೇ ಅದರಲ್ಲಿ ಸವಾರಿ ಮಾಡಿದವನು!" ಎಂದ. ಅವನ ತಾಯಿಗೆ ಹೆರಿಗೆ ನೋವು ಬಂದ ದಿನ ನಮ್ಮಪ್ಪನೇ ಅದರಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದಂತೆ. ಇಂಥ ಕಥೆ ಊರಲ್ಲಿ ಮನೆಗೊಂದಿದೆ.

ಅಪ್ಪ ಹೋಗಿ ಎಂಟು ವರ್ಷವಾಯಿತು. ಆ ಕಾರನ್ನು ಮಾರಿದಾಗ ನನಗೆ ಹನ್ನೊಂದು ವರ್ಷ; ಜೆಟ್ಟಿಯಿಂದ ಅದು ದೋಣಿ ಹತ್ತಿದಾಗ ಅತ್ತಿದ್ದೆ. ಈಗ ಹುಡುಕಿಯೇ ಬಿಡೋಣ ಅನಿಸಿದೆ. ಹಳೆ ಕಾರು ಪ್ರೇಮಿಗಳ ಸಂಘದ ಮಾಸಪತ್ರಿಕೆಗೆ ಫೋಟೊ ಸಮೇತ ಜಾಹೀರಾತು ಕಳಿಸಿದ್ದೇನೆ. ಸಿಕ್ಕರೆ ಮೆರವಣಿಗೆಯ ಮೊದಲ ಕಾರು ಅದೇ. ಮುಂದೆ "ಹಾಲ್ವರ್ ಮೇಷ್ಟರ ಕಾರು" ಎಂಬ ಫಲಕ, ಹಿಂದಿನ ಸೀಟಿನಲ್ಲಿ ಹಬ್ಬದುಡುಗೆಯಲ್ಲಿ ನೀನು. ಚಿಕ್ಕಂದಿನಲ್ಲಿ ನೀನು ಹಿಂದೆ ಕೂತು ಹಾಡುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಆ ಕಾರಿನ ಬಗ್ಗೆ ನಿನಗೇನಾದರೂ ನೆನಪಿದ್ದರೆ ಬರೆ. ಗುರುತು ಹಿಡಿಯಲು ಯಾವುದಾದರೂ ಗೀರು, ತಗ್ಗು, ಏನಾದರೂ.

ನಿನ್ನ
ಇಂಗುನ್

*

ಸುಂದ್‌ವಿಕ್, 29 ಜನವರಿ 2018

ಇಂಗುನ್,

ನಿನ್ನ ಕಾಗದ ಬಂತು. ಅಂಚೆ ಈಗ ವಾರದಲ್ಲಿ ಎರಡೇ ಸಲ ನಮ್ಮ ಕಡೆ ಬರುತ್ತದೆ. ಮುಂಚೆ ಹಿಮದಲ್ಲಿ ದೋಣಿ ಹುಟ್ಟುಹಾಕಿಕೊಂಡು ದಿನಾ ಬರುತ್ತಿದ್ದರು; ಈಗ ಸುರಂಗ ಕೊರೆದು ರಸ್ತೆ ಮಾಡಿದ ಮೇಲೆ ಬರಲಾಗುವುದಿಲ್ಲವಂತೆ. ಇದನ್ನು ಪ್ರಗತಿ ಅನ್ನುತ್ತಾರೆ. ಜಿಲ್ಲಾ ಮಂಡಳಿಗೆ ಬರೆದೆ. ನನ್ನ ಪತ್ರ ಬಹಳ ಮೌಲ್ಯಯುತವಾಗಿದೆ ಎಂದು ಉತ್ತರ ಬಂತು. ಅದೂ ತಡವಾಗಿ.

ಹಿಂದಿನ ಸೀಟಿನಲ್ಲಿ ಹಾಡುತ್ತಿದ್ದವಳು ನಾನಲ್ಲ. ನಿನ್ನ ಅಮ್ಮ, ಅದೂ ಮುಂದಿನ ಸೀಟಿನಲ್ಲಿ. ನಾನು ಜೀವನದಲ್ಲಿ ಹಾಡಿದವಳಲ್ಲ.

ಆ ಹಳೆಯ ಕಬ್ಬಿಣವನ್ನು ಅದರ ಪಾಡಿಗೆ ಬಿಡು. ಹೇಳುವಂಥದ್ದು ನನ್ನಲ್ಲೇನೂ ಇಲ್ಲ. ಸ್ವೈನುಂಗ್‌ಗೆ ಮೆರವಣಿಗೆಗೆ ಕಾರು ಬೇಕಾದರೆ ತನ್ನ ಟ್ರ್ಯಾಕ್ಟರನ್ನು ತೊಳೆಯಲಿ.

ಸಿಗ್ನಿ

ಆಗ ಬೂದು ಬಣ್ಣವಿತ್ತು. ಈಗ ಯಾವ ಬಣ್ಣ ಬಳಿದಿದ್ದಾರೋ ಗೊತ್ತಾದರೆ ತಿಳಿಸು.

*

ತ್ರೋಂದ್‌ಹೈಮ್, 11 ಮಾರ್ಚ್ 2018

ಅತ್ತೆ,

ಸಿಕ್ಕಿತು!

ಮೊದಲು ಕ್ರಿಸ್ತಿಯಾನ್‌ಸುಂದ್‌ನಿಂದ ಒಬ್ಬ ಬರೆದಿದ್ದ. ಅಷ್ಟು ದೂರ ಹೋಗಿ ನೋಡಿದರೆ ಅದು ನಮ್ಮದಲ್ಲ, ಮೂರು ಕಾರುಗಳ ಮೂಳೆ ಸೇರಿಸಿ ಮಾಡಿದ ಇನ್ಯಾವುದೋ ಪ್ರಾಣಿ. ಅವನ ಹೆಂಡತಿ ಕಾಫಿ ಕೊಟ್ಟು, "ದಯವಿಟ್ಟು ಇದನ್ನೇ ನಿಮ್ಮಪ್ಪನದು ಅಂತ ತಗೊಂಡು ಹೋಗಿಬಿಡಿ, ನನಗೆ ಗ್ಯಾರೇಜು ಖಾಲಿಯಾದ್ರೆ ಸಾಕು" ಎಂದು ಪಿಸುಗುಟ್ಟಿದಳು. ಆಮೇಲೆ ಸ್ಮೋಲಾ ದ್ವೀಪದ ಓದ್‌ವಾರ್ ಎಂಬುವರಿಂದ ಪತ್ರ ಬಂತು. ಸಾಲ್ಮನ್ ಮೀನು ಸಾಕಿ, ಮಾರಿ, ಈಗ ವಿಶ್ರಾಂತಿಯಲ್ಲಿರುವ ಸ್ಥಿತಿವಂತ. ಅವರಿಗೆ ಸಿಕ್ಕಾಗ ಒಳಗೆ ಕೋಳಿಗಳಿದ್ದವಂತೆ. ನಮ್ಮ ಫೋಟೊದಲ್ಲಿರುವ ಹಳೆಯ ನಂಬರ್ ಫಲಕ ಅವರ ಗೋಡೆಯ ಮೇಲೆ ಈಗಲೂ ಇದೆ. ಬಣ್ಣ ಬೂದುವೇ. ಕೆರೆದು ನೋಡಿ ಕೆಳಗಿದ್ದ ಬಣ್ಣವನ್ನೇ ಮತ್ತೆ ಬಳಿಸಿದರಂತೆ. ಮೆರವಣಿಗೆಗೆ ಕೊಡಲು ಸಂತೋಷದಿಂದ ಒಪ್ಪಿದ್ದಾರೆ.

ಈ ಸಂಭ್ರಮದಲ್ಲಿ ನಮ್ಮ ಜಿಲ್ಲಾ ಪತ್ರಿಕೆಗೊಂದು ಲೇಖನ ಬರೆದೆ. ತುಣುಕನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಸಂಪಾದಕರು ಫೋನ್ ಮಾಡಿ ಹೊಗಳಿದರು. ಈಗಿನ ರಾಜಕಾರಣಿಗಳು ಸರ್ಕಾರಿ ಕಾರಿನಲ್ಲಿ ಮಕ್ಕಳನ್ನು ಫುಟ್‌ಬಾಲಿಗೆ ಕಳಿಸುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು; ಅವರಿಗೆ ಅಪ್ಪನನ್ನು ತೋರಿಸಬೇಕೆನಿಸಿತು. ಕೊನೆಯ ಸಾಲು ಇದು: "ಕಾರು ಕೊಳ್ಳಲು ಸರ್ಕಾರದ ಪರವಾನಗಿ ಬೇಕಿದ್ದ ಆ ಕಾಲದಲ್ಲೂ ನನ್ನ ತಂದೆ ಯಾರ ಸರದಿಯನ್ನೂ ಕದಿಯಲಿಲ್ಲ, ತನಗೆ ಸಿಕ್ಕಿದ್ದನ್ನು ಊರಿಗೆಲ್ಲ ಹಂಚಿದ."

ಓದಿ ಹೇಗಿದೆ ಹೇಳು.

ನಿನ್ನ
ಇಂಗುನ್

*

ಸ್ಮೋಲಾ, 2 ಏಪ್ರಿಲ್ 2018

ಶ್ರೀಮತಿ ಇಂಗುನ್ ಅವರಿಗೆ,

ನಿಮ್ಮ ಲೇಖನವನ್ನು ನನ್ನ ಮಗಳು ತಂದುಕೊಟ್ಟಳು. ಚೆನ್ನಾಗಿದೆ. ಕೋಳಿಗಳ ಪ್ರಸ್ತಾಪವನ್ನು ಬಿಟ್ಟಿದ್ದಕ್ಕೆ ಕಾರಿನ ಪರವಾಗಿ ಧನ್ಯವಾದ.

ನನಗೆ ಈ ತಿಂಗಳು ಸೊಂಟದ ಶಸ್ತ್ರಚಿಕಿತ್ಸೆ ಇದೆ, ಸುಂದ್‌ವಿಕ್‌ಗೆ ಬರಲಾರೆ. ನೀವೇ ಬಂದು ಕಾರು ಒಯ್ಯಿರಿ. ಇಳಿಜಾರಿನಲ್ಲಿ ಬ್ರೇಕನ್ನು ಮುಂಚೆಯೇ ಒತ್ತಬೇಕು. ಮಿಕ್ಕಂತೆ ಒಳ್ಳೆಯ ಸ್ವಭಾವದ ಕಾರು.

ಒಂದು ಕುತೂಹಲ. ತಪ್ಪು ತಿಳಿಯಬೇಡಿ. ನಿಮ್ಮ ತಂದೆಯವರಿಗೆ ಎಡಗಾಲು ಸ್ವಾಧೀನ ಇರಲಿಲ್ಲವೇ? ಸ್ಟೀರಿಂಗ್ ಕಂಬದ ಎಡಕ್ಕೆ ಬೆಸುಗೆ ಹಾಕಿದ ಒಂದು ಕೊಂಡಿ ಇದೆ, ಅದರ ಕೆಳಗೆ ನೆಲದಲ್ಲಿ ಸರಳು ಇಳಿಸಲು ಕೊರೆದ ತೂತು, ಕ್ಲಚ್ ಪೆಡಲಿಗೆ ಕಟ್ಟಿದ ಗುರುತು. ನಮ್ಮ ದ್ವೀಪದಲ್ಲಿ ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದ ಒಬ್ಬರ ಕಾರಿನಲ್ಲಿ ಇಂಥದ್ದೇ ಇತ್ತು: ಎಡಗಾಲಿನ ಬದಲು ಕೈಯಿಂದಲೇ ಕ್ಲಚ್ ಎಳೆಯುವ ಸನ್ನೆಗೋಲು. ಸನ್ನೆ ಈಗಿಲ್ಲ, ಯಾರೋ ಬಿಚ್ಚಿದ್ದಾರೆ. ಆದರೆ ಕೊಂಡಿಯನ್ನು ಕತ್ತರಿಸಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ.

ಒಂದು ಕಾಲಿನಲ್ಲಿ ಊರಿನ ರೋಗಿಗಳನ್ನೆಲ್ಲ ಸಾಗಿಸಿದರು ಎಂದಾದರೆ, ಅದನ್ನೂ ನೀವು ಬರೆಯಬೇಕಿತ್ತು.

ಇಂತು,
ಓದ್‌ವಾರ್

*

ತ್ರೋಂದ್‌ಹೈಮ್, 8 ಏಪ್ರಿಲ್ 2018

ಸಿಗ್ನಿ ಅತ್ತೆ,

ಲೇಖನಕ್ಕೆ ನೀನು ಉತ್ತರ ಬರೆಯಲಿಲ್ಲ. ಅಂಚೆಯ ಮೇಲೆ ತಪ್ಪು ಹೊರಿಸಿ ಸುಮ್ಮನಿದ್ದೆ.

ಓದ್‌ವಾರ್ ಅವರ ಪತ್ರವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅಪ್ಪನ ಎರಡು ಕಾಲೂ ಗಟ್ಟಿಯಾಗಿದ್ದವು. ಎಪ್ಪತ್ತರ ವಯಸ್ಸಿನಲ್ಲೂ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತಿದವನು.

ನಮ್ಮ ಮನೆಯಲ್ಲಿ ಎಡಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳುತ್ತಿದ್ದವಳು ನೀನೊಬ್ಬಳೇ.

ನಿನ್ನೆಯಿಂದ ಒಂದೇ ಚಿತ್ರ ಕಣ್ಣ ಮುಂದಿದೆ. ಅದು ಎರಡು ಬಾಗಿಲಿನ ಕಾರು. ಹಿಂದೆ ಕೂರಬೇಕಾದವರು ಮುಂದಿನ ಸೀಟನ್ನು ಮಡಚಿ, ಬಗ್ಗಿ ತೂರಬೇಕು. ಅಪ್ಪ ನಿನ್ನ ಪಟ್ಟಿ ಕಟ್ಟಿದ ಕಾಲನ್ನು ಎತ್ತಿ ಒಳಗಿಡುತ್ತಿದ್ದ. ಎಷ್ಟು ಅಕ್ಕರೆಯ ಅಣ್ಣ ಎಂದು ಜನ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ನಡೆಯಲು ಕಷ್ಟವಿದ್ದವಳನ್ನು ಯಾಕೆ ಹಿಂದೆ ಕೂರಿಸುತ್ತಿದ್ದರು? ಅರವತ್ತು ವರ್ಷದವಳಾದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಅತ್ತೆ, ಅದು ಯಾರ ಕಾರು?

ಇಂಗುನ್

*

ಸುಂದ್‌ವಿಕ್, 19 ಏಪ್ರಿಲ್ 2018

ಇಂಗುನ್,

ನನ್ನದು.

ಇಷ್ಟಕ್ಕೇ ನಿಲ್ಲಿಸೋಣ ಎಂದು ಕಾಗದ ಮಡಚಿದೆ. ಆದರೆ ನಿನ್ನ ಲೇಖನದ ಕೊನೆಯ ಸಾಲನ್ನು ಇಲ್ಲಿಯ ನರ್ಸ್ ಹುಡುಗಿ ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಾಯಿತು. ಆದ್ದರಿಂದ ಬರೆಯುತ್ತೇನೆ.

ನನಗೆ ಪೋಲಿಯೊ ಆದದ್ದು ಹದಿನೈದಕ್ಕೆ. ಇಪ್ಪತ್ತೊಂದಕ್ಕೆ ಊರಿನ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೂತಿದ್ದೆ. ಯುದ್ಧ ಮುಗಿದು ಹನ್ನೆರಡು ವರ್ಷವಾಗಿದ್ದರೂ ಈ ದೇಶದಲ್ಲಿ ಪರವಾನಗಿ ಇಲ್ಲದೆ ಕಾರು ಕೊಳ್ಳುವಂತಿರಲಿಲ್ಲ. ರಷ್ಯಾದವರು ನಮ್ಮ ಹೆರಿಂಗ್ ಮೀನು ಕೊಳ್ಳುತ್ತಿದ್ದುದರಿಂದ ಅವರ ಕಾರು ಸುಲಭವಾಗಿ ಸಿಗುತ್ತಿತ್ತು. ಸ್ವೀಡನ್ನಿನ ವೋಲ್ವೊ ಬೇಕೆಂದರೆ ವೈದ್ಯನಾಗಿರಬೇಕು, ಇಲ್ಲವೇ ನನ್ನಂಥವಳಾಗಿರಬೇಕು. ಶಾಲೆಯ ಮೇಷ್ಟರಿಗೆ ಸಿಗುತ್ತಿರಲಿಲ್ಲ. ನಿನ್ನಪ್ಪ ಎರಡು ಸಲ ಕೇಳಿದ್ದ, ಎರಡು ಸಲವೂ ಇಲ್ಲವೆಂದಿದ್ದರು. ಮೂರನೆಯ ಅರ್ಜಿ ನನ್ನ ಹೆಸರಿನಲ್ಲಿ ಹೋಯಿತು, ಮಂಜೂರಾಯಿತು. ನನ್ನ ಅಪ್ಪ ನನಗೆಂದು ಬಿಟ್ಟುಹೋಗಿದ್ದ ಪಾಲಿನಿಂದ ಕಾರು ಬಂತು. ಕಮ್ಮಾರ ಎಂಡ್ರೆ ಸನ್ನೆ ಮಾಡಿಕೊಟ್ಟ. ನಾನು ಕಲಿತೆ. ಪರೀಕ್ಷೆಯಲ್ಲಿ ಪಾಸಾದೆ.

ಇಂಗುನ್, ಆ ಬೇಸಿಗೆ ನಾನು ಬೆಟ್ಟದಾಚೆಗೆ ಒಬ್ಬಳೇ ಹೋಗಿದ್ದೇನೆ. ತಿರುವುಗಳಲ್ಲಿ ಕುರಿಗಳು ಮಲಗಿರುತ್ತಿದ್ದವು. ಹಾರ್ನ್ ಮಾಡಿದರೆ ಏಳುತ್ತಿರಲಿಲ್ಲ, ಇಳಿದು ಓಡಿಸೋಣವೆಂದರೆ ಕಾಲಿಲ್ಲ. ಕಿಟಕಿ ಇಳಿಸಿ ಅವುಗಳಿಗೆ ಬೈಯುತ್ತಾ ಕೂರುತ್ತಿದ್ದೆ. ಅಷ್ಟು ಸುಖವಾಗಿ ನಾನು ಮತ್ತೆಂದೂ ಯಾರಿಗೂ ಬೈದಿಲ್ಲ. ಮೋಲ್ದೆ ಪಟ್ಟಣದ ಟೆಲಿಗ್ರಾಫ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಚಳಿಗಾಲ ಮುಗಿದ ಮೇಲೆ ಬಂದು ಸೇರು ಎಂದಿದ್ದರು.

ಅಕ್ಟೋಬರಿನಲ್ಲಿ ಗೇಟಿನ ಕಂಬಕ್ಕೆ ಸ್ವಲ್ಪ ತಾಗಿಸಿದೆ. ಅಣ್ಣ ಬೈಯಲಿಲ್ಲ. ಅವನು ಯಾರಿಗೂ ಬೈದವನಲ್ಲ. "ಸಿಗ್ನಿ, ರಸ್ತೆ ಮೇಲೆ ಐಸ್ ಕಟ್ಟೋ ಕಾಲ ಬಂತು ಕಣೇ. ಸನ್ನೆ ನನ್ನ ಮೊಣಕಾಲಿಗೆ ತಾಗ್ತಾ ಇದೆ, ಈಗ ತೆಗೆದಿಡ್ತೀನಿ. ಚಳಿಗಾಲ ಮುಗೀಲಿ, ಮತ್ತೆ ಹಾಕ್ಸೋಣ" ಎಂದ. ಸರಿ ಎಂದೆ. ಚಳಿಗಾಲ ಮುಗಿಯಿತು. ಅಷ್ಟರಲ್ಲಿ ನೀನು ಹುಟ್ಟಿದ್ದೆ. ಕೂಸನ್ನು ವೈದ್ಯರ ಹತ್ತಿರ ಒಯ್ಯಬೇಕು, ಸ್ವೈನುಂಗನ ತಾಯಿಗೆ ನೋವು ಬಂತು, ಪಾದ್ರಿಗಳಿಗೆ ಎದೆನೋವು. ಮೋಲ್ದೆಯವರಿಗೆ ಬರಲಾಗುವುದಿಲ್ಲ ಎಂದು ಬರೆದೆ.

ಊರವರು ಕಾರಿಗಾಗಿ ಫೋನ್ ಮಾಡಿದರೆ ಯಾರಿಗೆ ಬರುತ್ತಿತ್ತು ಗೊತ್ತೇ? ನನಗೆ. ಎಕ್ಸ್‌ಚೇಂಜ್‌ನಲ್ಲಿ ಕೂತವಳು ನಾನೇ ಅಲ್ಲವೇ. "ಸಿಗ್ನಿ, ಸ್ವಲ್ಪ ಹಾಲ್ವರ್‌ಗೆ ಕೊಡಮ್ಮ, ಅವನ ಕಾರು ಬೇಕಿತ್ತು." ಜೋಡಿಸುತ್ತಿದ್ದೆ. ಕೆಲವರು ಮೊದಮೊದಲು ತೊದಲುತ್ತಿದ್ದರು, "ನಿನ್ನ... ನಿಮ್ಮ... ಹಾಲ್ವರ್ ಕಾರು" ಎಂದು. ಆಮೇಲೆ ತೊದಲುವುದೂ ನಿಂತಿತು. ಒಂದು ದಿನ ಅಂಗಡಿಯಲ್ಲಿ ಯಾರೋ ಕೇಳಿದಾಗ ನಾನೇ "ಅಣ್ಣನ ಕಾರಿನಲ್ಲಿ ಬಂದೆ" ಎಂದುಬಿಟ್ಟೆ. ಮನೆಗೆ ಬಂದು ಬಾಯಿ ತೊಳೆದುಕೊಂಡೆ.

ಅರವತ್ತರಲ್ಲಿ ಪರವಾನಗಿಯ ಕಾಯಿದೆ ಹೋಯಿತು. ಯಾರು ಬೇಕಾದರೂ ಕಾರು ಕೊಳ್ಳಬಹುದಾಯಿತು. ನಿನ್ನಪ್ಪ ಕೊಳ್ಳಲಿಲ್ಲ. ಮನೆಯಲ್ಲಿ ಒಂದಿತ್ತಲ್ಲ.

ಅವನು ಕೆಟ್ಟವನಲ್ಲ. ನನ್ನ ಸಿಟ್ಟಿರುವುದೇ ಅದರ ಮೇಲೆ. ಕೆಟ್ಟವನಾಗಿದ್ದರೆ ಊರು ನನ್ನ ಪರ ನಿಲ್ಲುತ್ತಿತ್ತು. ಹೆರುವವಳನ್ನು ಕಾಯಿಸಿ ನನ್ನ ಸನ್ನೆ ಕೊಡು ಎಂದು ಹೇಗೆ ಕೇಳಲಿ? ಅವನ ಒಳ್ಳೆಯತನಕ್ಕೆ ನಾನು ಪೆಟ್ರೋಲಾದೆ.

ನೀನು ಪತ್ರಿಕೆಗೆ ಬರೆಯುವಾಗ ಎಲ್ಲರ ಮೇಲೂ ಕೆಂಡ ಕಾರುತ್ತೀಯ. ಮಂತ್ರಿಗಳು, ಮಂಡಳಿ, ದೋಣಿ ಕಂಪನಿ. ಅದು ನನಗಿಷ್ಟ, ನನ್ನಿಂದಲೇ ಬಂದದ್ದು. ಆದರೆ ಮನೆಯೊಳಗೆ ಬಂದ ಕೂಡಲೇ ನಿನ್ನ ಕಣ್ಣು ಯಾಕೆ ಮಂಜಾಗುತ್ತದೆ?

ಸಿಗ್ನಿ

*

ತ್ರೋಂದ್‌ಹೈಮ್, 27 ಏಪ್ರಿಲ್ 2018

ಅತ್ತೆ,

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಕೂರಲು ನಾಚಿಕೆಯಾಯಿತು.

ಕ್ಷಮಿಸು ಎಂದು ಬರೆದು ಹರಿದುಹಾಕಿದೆ. ಯಾವುದಕ್ಕೆ ಎಂದು ನೀನು ಕೇಳಿದರೆ ಹೇಳಲು ಬರುವುದಿಲ್ಲ. ಹುಟ್ಟಿದ್ದಕ್ಕೆ? "ಯಾರ ಸರದಿಯನ್ನೂ ಕದಿಯಲಿಲ್ಲ" ಎಂದು ಬರೆದ ಕೈ ಇದೇ ಎಂಬುದಕ್ಕಂತೂ ಹೌದು. ಆ ಸಾಲನ್ನು ಬರೆದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ನೆನೆದರೆ ಮುಖ ಸುಡುತ್ತದೆ. ಒಬ್ಬ ತಂದೆಯನ್ನು ಕಲ್ಲಿನಂತೆ ಎತ್ತಿ ಮಂತ್ರಿಗಳ ಮೇಲೆ ಬೀಸಿದೆ. ಅದು ನಿನ್ನ ಮೇಲೆ ಬಿತ್ತು.

ಸಂಪಾದಕರಿಗೆ ಫೋನ್ ಮಾಡಿದೆ. "ಅಷ್ಟು ಹಳೇ ಮನೆ ವಿಷಯ, ಈಗ್ಯಾಕೆ ಮೇಡಂ? ಓದುಗರು ಎಷ್ಟು ಮೆಚ್ಕೊಂಡಿದ್ದಾರೆ" ಎಂದರು. ತಪ್ಪು ಬರೆದಾಗ ತಿದ್ದುವುದು ಪತ್ರಿಕೆಯ ಧರ್ಮವೆಂದು ನನಗೇ ಹತ್ತು ಸಲ ಭಾಷಣ ಮಾಡಿದ್ದವರು. ಕೊನೆಗೆ ಒಪ್ಪಿದರು. ಮೂರು ಸಾಲು ಬರುತ್ತದೆ: ಆ ಕಾರು ಸಿಗ್ನಿಯದು, ಪರವಾನಗಿ ಸಿಗ್ನಿಯದು, ಅದನ್ನು ಮೊದಲು ಓಡಿಸಿದವಳು ಸಿಗ್ನಿ, ಲೇಖಕಿ ವಿಚಾರಿಸದೆ ಬರೆದಿದ್ದಳು.

ಸ್ವೈನುಂಗ್‌ಗೂ ಹೇಳಿದೆ. "ಕಾರ್ಯಕ್ರಮದ ಹಾಳೆ ಅಚ್ಚಾಗಿಬಿಟ್ಟಿದೆಯಲ್ಲೇ" ಎಂದ. ಅಷ್ಟೇ.

ಮೆರವಣಿಗೆ ಬೇಡವೆಂದರೆ ಕಾರು ಸ್ಮೋಲಾದಲ್ಲೇ ಇರಲಿ. ನೀನು ಹೇಳಿದಂತೆ.

ಇಂಗುನ್

*

ಸುಂದ್‌ವಿಕ್, 5 ಮೇ 2018

ಇಂಗುನ್,

ಮೂರು ಸಾಲು ಓದಿದೆ. ಹವಾಮಾನ ವರದಿಯ ಕೆಳಗೆ ಹಾಕಿದ್ದಾರೆ. ಈ ಸಲ ಊಟದ ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಓದಲಿಲ್ಲ. ಎಲ್ಲರೂ ತಟ್ಟೆ ನೋಡಿಕೊಂಡು ಮೀನು ತಿಂದರು. ಮೀನಿನಲ್ಲಿ ಮುಳ್ಳೇನೂ ಇರಲಿಲ್ಲ.

ಕಾರು ತಾ. ಫಲಕ ಬೇಡ, ನನ್ನ ಹೆಸರಿನದೂ ಬೇಡ. ಹತ್ತು ಗಂಟೆಗೆ ಸಿದ್ಧವಾಗಿರುತ್ತೇನೆ.

ಸಿಗ್ನಿ

*

ಸುಂದ್‌ವಿಕ್, 20 ಮೇ 2018

ಮಾನ್ಯ ಓದ್‌ವಾರ್ ಅವರಿಗೆ,

ನಿಮ್ಮ ಕಾರನ್ನು ಇಂಗುನ್ ನಾಳೆ ಹಿಂದಿರುಗಿಸುತ್ತಾಳೆ. ಅದಕ್ಕೆ ಏನಾಯಿತು ಎಂದು ತಿಳಿಯುವ ಹಕ್ಕು ನಿಮಗಿದೆ. ಆ ಹುಡುಗಿ ಹೇಳಲಾರಳು, ಆದ್ದರಿಂದ ನಾನು ಬರೆಯುತ್ತೇನೆ. ಹುಡುಗಿ ಎಂದರೆ ಅರವತ್ತರವಳು.

ಹದಿನೇಳರ ಬೆಳಿಗ್ಗೆ ಬಿಸಿಲಿತ್ತು, ಆದರೆ ಗಾಳಿ ಕತ್ತಿಯ ಹಾಗೆ. ವೃದ್ಧಾಶ್ರಮದ ಬಾಗಿಲಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು, ಬ್ಯಾಂಡಿನವರು ತುತ್ತೂರಿಯ ಉಗುಳು ಒರೆಸುತ್ತಿದ್ದರು, ಮಕ್ಕಳು ಆಗಲೇ ಐಸ್‌ಕ್ರೀಮು ಸುರಿಸಿಕೊಂಡಿದ್ದರು. ಇಂಗುನ್ ಮುಂದಿನ ಬಲಬಾಗಿಲು ತೆರೆದು ನಿಂತಿದ್ದಳು. ಹಿಂದೆ ಅಲ್ಲ, ಮುಂದೆ. ಅಷ್ಟು ಕಲಿತಿದ್ದಾಳೆ. ನಾನು ವಾಕರ್ ಹಿಡಿದು ಕಾರಿನ ಮೂತಿಯನ್ನು ಸುತ್ತಿಕೊಂಡು ಎಡಬಾಗಿಲಿಗೆ, ಓಡಿಸುವವರ ಬದಿಗೆ ಹೋದೆ. ನೀವು ಉಳಿಸಿದ ಕೊಂಡಿಯನ್ನು ಮೊದಲು ಕೈಯಿಂದ ಮುಟ್ಟಿದೆ. ಆಮೇಲೆ ಕೂತೆ. ಸೀಟು ಹೊಸದು, ನನ್ನದು ಇನ್ನೂ ಗಟ್ಟಿಯಾಗಿತ್ತು.

ಸ್ವೈನುಂಗ್ ಓಡಿಬಂದ. ಎದೆಯ ಮೇಲೆ ಅಧ್ಯಕ್ಷರ ರಿಬ್ಬನ್ನು ಕಟ್ಟಿಕೊಂಡಿದ್ದ.

"ಸಿಗ್ನಿ, ಅಲ್ಲಿ ಕೂರೋ ಹಾಗಿಲ್ಲ. ಲೈಸೆನ್ಸ್ ಈಗಿಲ್ವಲ್ಲ ನಿಂಗೆ."

"ಎಂಜಿನ್ ಆಫ್ ಆಗಿದೆ. ನಿಂತ ಕಾರಲ್ಲಿ ಕೂರೋಕೆ ಯಾವ ಲೈಸೆನ್ಸು?"

"ಮೆರವಣಿಗೆ ಹೊರಡ್ಬೇಕಲ್ಲ! ಮೊದಲನೇ ಕಾರೇ ಇದು."

"ಹೊರಡು ಮತ್ತೆ. ಯಾರು ಬೇಡ ಅಂದ್ರು?"

ಹಿಂದಿನ ಕಾರುಗಳಲ್ಲಿ ನನ್ನ ಜೊತೆಯವರು ಕತ್ತು ಉದ್ದ ಮಾಡಿ ನೋಡತೊಡಗಿದರು. ಬ್ಯಾಂಡಿನವರು ಹಾಡು ಮುಗಿಸಿ, ಏನು ಮಾಡಬೇಕೆಂದು ತೋಚದೆ ಅದನ್ನೇ ಮತ್ತೆ ಶುರು ಮಾಡಿದರು. ಸ್ವೈನುಂಗ್ ಇಂಗುನ್ ಕಡೆ ನೋಡಿದ. ಅವಳು ತೆರೆದಿದ್ದ ಬಲಬಾಗಿಲನ್ನು ಮುಚ್ಚಿದಳು. ಆಗ ಅವನು ಕಿಟಕಿಗೆ ಬಗ್ಗಿದ. ಅವನು ದೊಡ್ಡ ಆಳು, ಬಗ್ಗಿದರೆ ಇಡೀ ಕಿಟಕಿ ತುಂಬುತ್ತಾನೆ. ದನಿ ತಗ್ಗಿಸಿ ಹೇಳಿದ:

"ಸಿಗ್ನಿ... ನಮಗೆಲ್ಲ ಗೊತ್ತಿತ್ತು. ಅಮ್ಮ ಹೇಳ್ತಿದ್ದಳು, ಅದು ಸಿಗ್ನಿ ಕಾರು ಅಂತ. ಊರಲ್ಲಿ ಎಲ್ಲಾರ್ಗೂ ಗೊತ್ತಿತ್ತು."

ನೀವು ನನ್ನನ್ನು ಕಂಡಿಲ್ಲ, ಓದ್‌ವಾರ್ ಅವರೇ. ನಾನು ಅರವತ್ತು ವರ್ಷ ಒಂದು ಮಾತಿಗಾಗಿ ಕಾದಿದ್ದೆ ಎಂದು ನನಗೇ ತಿಳಿದಿರಲಿಲ್ಲ. ಅದು ಬಂದಾಗ ಸುಖವಾಗಲಿಲ್ಲ. ಮೈಯೆಲ್ಲ ಬಿಸಿಯಾಯಿತು. ಅಷ್ಟು ಜನ, ಅಷ್ಟು ವರ್ಷ, ಬೆಳಿಗ್ಗೆ ಎದ್ದು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನನಗೆ ನಮಸ್ಕಾರ ಹೇಳಿದ್ದರು.

"ಗೊತ್ತಿತ್ತಾ?" ಎಂದೆ. "ಹಾಗಾದ್ರೆ ತಳ್ಳು."

ಅವನು ನನ್ನ ಮುಖ ನೋಡಿದ. ಆಮೇಲೆ ರಿಬ್ಬನ್ ಬಿಚ್ಚಿ ಜೇಬಿಗಿಟ್ಟುಕೊಂಡು ಹಿಂದೆ ಹೋದ. ಪಾದ್ರಿಗಳ ಮಗ ಬಂದ, ಅವನಿಗೇ ಎಪ್ಪತ್ತಾಗಿದೆ. ಆ ಕೊಂಡಿ ಬೆಸೆದ ಕಮ್ಮಾರ ಎಂಡ್ರೆಯ ಮೊಮ್ಮಗಳು ಹಬ್ಬದುಡುಗೆಯ ಬೆಳ್ಳಿ ಬಿಲ್ಲೆಗಳು ಕಾರನ್ನು ಗೀಚದಂತೆ ಶಾಲನ್ನು ಎದೆಗೆ ಒತ್ತಿಕೊಂಡು ಬಂದಳು. ಕರೆಯದೆಯೇ ಇನ್ನೂ ನಾಲ್ಕಾರು ಜನ ಬಂದರು. ನಾನು ಗೇರನ್ನು ನ್ಯೂಟ್ರಲ್‌ಗೆ ತಂದೆ. ಕಾರು ಕದಲಿತು.

ಬಂದರಿನ ರಸ್ತೆ ಸಮತಟ್ಟಾಗಿದೆ, ಆದರೆ ಉದ್ದವಾಗಿದೆ. ಅಂಗಡಿಯ ಮುಂದೆ, ಶಾಲೆಯ ಮುಂದೆ, ಎಕ್ಸ್‌ಚೇಂಜ್ ಇದ್ದ ಕಟ್ಟಡದ ಮುಂದೆ ಹಾದುಹೋದೆ. ಅಲ್ಲೀಗ ಉಗುರಿಗೆ ಬಣ್ಣ ಹಚ್ಚುತ್ತಾರೆ. ಶಾಲೆಯ ಮುಂದೆ ಒಮ್ಮೆ ಬೇಕೆಂದೇ ಬ್ರೇಕ್ ಒತ್ತಿದೆ. ಹಿಂದೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. "ಸಿಗ್ನಿ!" ಎಂದು ಸ್ವೈನುಂಗ್ ಕೂಗಿದ. "ಕುರಿ ಅಡ್ಡ ಬಂತು" ಎಂದೆ.

ಕನ್ನಡಿಯಲ್ಲಿ ಇಂಗುನ್ ಕಂಡಳು. ಅವಳೂ ತಳ್ಳುತ್ತಿದ್ದಳು, ಎಲ್ಲರಿಗಿಂತ ಗಟ್ಟಿಯಾಗಿ. ರಸ್ತೆಯ ಎರಡೂ ಬದಿ ಜನ ಬಾವುಟ ಬೀಸುತ್ತಿದ್ದರು. ಅವಳು ಒಮ್ಮೆಯೂ ತಲೆಯೆತ್ತಲಿಲ್ಲ. ಹಾಗೆ ತಲೆ ತಗ್ಗಿಸಬೇಕಾದವಳು ಅವಳಲ್ಲ, ತಗ್ಗಿಸಬೇಕಾದವನು ಸತ್ತು ಎಂಟು ವರ್ಷವಾಯಿತು. ಅದನ್ನು ಅವಳಿಗೆ ಹೇಳುತ್ತೇನೆ, ಇವತ್ತಲ್ಲ. ಒಬ್ಬರು ನಾಚಿಕೆಪಡುತ್ತಿರುವಾಗ ನೋಡುತ್ತಾ ಕೂರುವುದು ಸರಿಯಲ್ಲವೆಂದು ಕಣ್ಣನ್ನು ರಸ್ತೆಯ ಮೇಲಿಟ್ಟೆ.

ಬ್ರೇಕು ಚೆನ್ನಾಗಿದೆ, ನೀವು ಹೆದರಿಸಿದಷ್ಟೇನೂ ಇಲ್ಲ. ಸ್ಟೀರಿಂಗ್ ಮಾತ್ರ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ನನ್ನ ಕಾಲದಲ್ಲೂ ಎಳೆಯುತ್ತಿತ್ತು. ದಯವಿಟ್ಟು ಸರಿಮಾಡಿಸಬೇಡಿ.

ವಿಶ್ವಾಸದಿಂದ,
ಸಿಗ್ನಿ